ವೇಗದ ಲೆಕ್ಕ ಬಲ್ಲ ಫಾಂಜಿಯೊ

ಮೋಟಾರು ರೇಸಿನ ಇತಿಹಾಸದಲ್ಲಿ 1957ರ ಆಗಸ್ಟ್ 4ಕ್ಕೆ ವಿಶೇಷ ಸ್ಥಾನವಿದೆ. ಜರ್ಮನಿಯ ನ್ಯೂರ್ಬುರ್ಗ್‌ರಿಂಗ್ ಪಥದಲ್ಲಿ ಅಂದು ಅರ್ಜೆಂಟೀನಾದ ಹುವಾನ್ ಮ್ಯಾನುಯೆಲ್ ಫಾಂಜಿಯೊ ಕಾರು ಓಡಿಸಿದ ಪರಿ ಇಂದಿಗೂ ಚರ್ಚೆಯ ವಸ್ತು. ಆಗ ಆತನಿಗೆ 46 ವರ್ಷ.

1911ರಲ್ಲಿ ಬಾಲ್ಕಾರ್ಸೆ ಎಂಬ ಊರಿನಲ್ಲಿ, ಇಟಲಿಯಿಂದ ವಲಸೆ ಬಂದ ಕುಟುಂಬದಲ್ಲಿ ಜನಿಸಿದ ಫಾಂಜಿಯೊ ಬಾಲ್ಯದಲ್ಲೇ ಮೆಕ್ಯಾನಿಕ್ ಕೆಲಸಕ್ಕೆ ಸೇರಿದ. ಯುರೋಪಿನ ರೇಸುಗಳಲ್ಲಿ ಹೆಸರು ಮಾಡುವಷ್ಟರಲ್ಲಿ ನಲವತ್ತು ಸಮೀಪಿಸಿತ್ತು. 1951ರಲ್ಲಿ ವಿಶ್ವ ಚಾಂಪಿಯನ್ ಆದ; 1954ರಿಂದ ನಾಲ್ಕು ವರ್ಷ ಸತತವಾಗಿ ಆ ಪಟ್ಟ ಆತನದೇ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ನ್ಯೂರ್ಬುರ್ಗ್‌ರಿಂಗ್‌ನಲ್ಲಿ ಆತ ಹಾಕಿಕೊಂಡ ಲೆಕ್ಕ ಬಹಳ ಹಿಡಿಸುತ್ತದೆ. ಒಂದು ಸುತ್ತಿಗೆ ಸುಮಾರು 22.8 ಕಿಲೋಮೀಟರಿನಂತೆ 22 ಸುತ್ತುಗಳ ಸ್ಪರ್ಧೆ. ಫೆರಾರಿಯ ಹಾಥಾರ್ನ್ ಮತ್ತು ಕಾಲಿನ್ಸ್ ಎಲ್ಲಿಯೂ ನಿಲ್ಲದೆ ಓಡುವ ತೀರ್ಮಾನದಲ್ಲಿದ್ದರು. ಫಾಂಜಿಯೊ ತನ್ನ ಮಸೆರಾಟಿಗೆ ಅರ್ಧ ಟ್ಯಾಂಕ್ ಇಂಧನವನ್ನಷ್ಟೇ ತುಂಬಿಸಿದ. ಹಗುರವಾದ ಕಾರಿನಲ್ಲಿ ಅರ್ಧ ನಿಮಿಷದಷ್ಟು ಮುನ್ನಡೆ ಗಳಿಸಿ, ನಡುವೆ ಒಮ್ಮೆ ನಿಂತು ಇಂಧನ ಮತ್ತು ಟೈರು ಪಡೆಯುವುದು ಯೋಜನೆ. ಆದರೆ ಆ ನಿಲುಗಡೆಯಲ್ಲಿ ಕೆಲಸ ನಿಧಾನವಾಯಿತು. ಮುನ್ನಡೆ ಕರಗಿ, ಮುಕ್ಕಾಲು ನಿಮಿಷಕ್ಕೂ ಹೆಚ್ಚು ಹಿಂದೆ ಬಿದ್ದ.

ಅನಂತರ ಸುತ್ತಿನಿಂದ ಸುತ್ತಿಗೆ ದಾಖಲೆಗಳು ಮುರಿದವು. 20ನೇ ಸುತ್ತನ್ನು 9 ನಿಮಿಷ 17.4 ಸೆಕೆಂಡುಗಳಲ್ಲಿ ಪೂರೈಸಿದ. ಅರ್ಹತಾ ಸುತ್ತಿನಲ್ಲಿ ತಾನೇ ಸಾಧಿಸಿದ್ದ ಅತ್ಯುತ್ತಮ ಅವಧಿಗಿಂತ ಅದು 8.2 ಸೆಕೆಂಡು ಕಡಿಮೆ! ಮರುಸುತ್ತಿನಲ್ಲಿ ಇಬ್ಬರನ್ನೂ ಹಿಂದಿಕ್ಕಿ, 3.6 ಸೆಕೆಂಡುಗಳ ಅಂತರದಲ್ಲಿ ಗೆದ್ದ. ಐದನೇ ವಿಶ್ವ ಪ್ರಶಸ್ತಿಯೂ ಅಂದೇ ಖಚಿತವಾಯಿತು. ಆದರೆ ಗೆದ್ದವನನ್ನು ಭಯ ಆವರಿಸಿತು. ತಿರುವುಗಳಲ್ಲಿ ತಾನು ಎಂದೂ ತೆಗೆದುಕೊಳ್ಳದ ಅಪಾಯ ತೆಗೆದುಕೊಂಡಿದ್ದೆನೆಂಬ ಅರಿವಿನಿಂದ ಹಲವು ರಾತ್ರಿ ನಿದ್ರೆ ಬರಲಿಲ್ಲವಂತೆ.

ಮಿತಿ ಮೀರಿದರೆ ಏನಾಗುತ್ತದೆಂಬುದು ಆತನಿಗೆ ತಿಳಿದಿತ್ತು. 1952ರಲ್ಲಿ ಪ್ಯಾರಿಸ್‌ನಿಂದ ರಾತ್ರಿಯಿಡೀ ಕಾರು ಓಡಿಸಿ, ಇಟಲಿಯ ಮೊಂಜಾದಲ್ಲಿ ನಿದ್ರೆಯಿಲ್ಲದೆ ಸ್ಪರ್ಧೆಗಿಳಿದು ಕತ್ತಿನ ಮೂಳೆ ಮುರಿದುಕೊಂಡಿದ್ದ.

ಈ ಪ್ರಸಂಗ ಓದುವಾಗಲೆಲ್ಲ ನನ್ನದೊಂದು ತಪ್ಪು ನೆನಪಾಗುತ್ತದೆ. ಸೇವೆಯಲ್ಲಿದ್ದಾಗ, ಬೆಳಗಿನ ಸಭೆಯೊಂದಕ್ಕೆ ತಲುಪಲೇಬೇಕೆಂದು, ಹಗಲೆಲ್ಲ ದುಡಿದಿದ್ದ ಚಾಲಕನನ್ನು ರಾತ್ರಿ ಪ್ರಯಾಣಕ್ಕೆ ಹೊರಡಿಸಿದೆ. ಜೀಪು ರಸ್ತೆ ಬಿಟ್ಟು ಹೊಲಕ್ಕೆ ಇಳಿಯಿತು. ಇಬ್ಬರೂ ಬದುಕಿದ್ದು ಪುಣ್ಯ. ಆಗುವುದಿಲ್ಲ ಎನ್ನುವ ಸ್ಥಿತಿಯಲ್ಲಿ ಆತನಿರಲಿಲ್ಲ. ಬೇಡ ಎನ್ನುವ ಅಧಿಕಾರ ನನಗಿತ್ತು.

1958ರ ಜುಲೈನಲ್ಲಿ, ಋತುವಿನ ಮಧ್ಯದಲ್ಲೇ ಫಾಂಜಿಯೊ ಸ್ಪರ್ಧೆಗಳಿಗೆ ವಿದಾಯ ಹೇಳಿದ. ಮರುತಿಂಗಳು ಕಾಲಿನ್ಸ್ ಅದೇ ನ್ಯೂರ್ಬುರ್ಗ್‌ರಿಂಗ್‌ನಲ್ಲಿ ಮಡಿದ. 1959ರ ಜನವರಿಯಲ್ಲಿ ಹಾಥಾರ್ನ್ ಇಂಗ್ಲೆಂಡಿನ ಸಾಮಾನ್ಯ ರಸ್ತೆಯಲ್ಲಿ ಅಪಘಾತಕ್ಕೆ ಬಲಿಯಾದ. ಇಬ್ಬರೂ ಇನ್ನೂ ಮೂವತ್ತು ದಾಟಿರಲಿಲ್ಲ. ಫಾಂಜಿಯೊ 84 ವರ್ಷ ಬಾಳಿ 1995ರಲ್ಲಿ ನಿಧನನಾದ. ಆತನ ಐದು ಪ್ರಶಸ್ತಿಗಳ ದಾಖಲೆಯನ್ನು 2003ರಲ್ಲಿ ಶುಮಾಕರ್ ಮುರಿದ.

ಜಗತ್ತು ಆ 20ನೇ ಸುತ್ತನ್ನು ಕೊಂಡಾಡುತ್ತದೆ. ನನಗಾದರೋ, ಅಂಥ ಸುತ್ತನ್ನು ಇನ್ನೊಮ್ಮೆ ಓಡಿಸಬಾರದೆಂದು ಅರಿತು ಸಕಾಲದಲ್ಲಿ ಇಳಿದು ನಡೆದ ವಿವೇಕವೇ ದೊಡ್ಡದಾಗಿ ಕಾಣುತ್ತದೆ.