ಸಾಲ ಯಾರದು, ತೀರಿಸಿದವರು ಯಾರು?

ಜುಲೈ ಬಂತೆಂದರೆ ಲಂಡನ್ನಿನ ನಮ್ಮ ಮನೆಯ ಫೋನಿಗೆ ಬಿಡುವಿರುವುದಿಲ್ಲ. ಊರಿನ ಮನೆ ಬಾಡಿಗೆಗೆ ರಿಟರ್ನ್ಸ್ ಹಾಕಬೇಕೇ, ಎನ್‌ಆರ್‌ಓ ಖಾತೆಯ ಬಡ್ಡಿಯಲ್ಲಿ ಮುರಿದುಕೊಂಡ ಟಿಡಿಎಸ್ ವಾಪಸ್ ಬರುತ್ತದೆಯೇ ಎಂದು ಸ್ನೇಹಿತರು ಕೇಳುತ್ತಾರೆ. ಲೆಕ್ಕಪತ್ರವೇ ಕಸುಬಾದ ನಾವು ತಿಳಿದಷ್ಟು ಹೇಳುತ್ತೇವೆ. ಈ ಆದಾಯ ತೆರಿಗೆಯನ್ನು ಭಾರತಕ್ಕೆ ತಂದ ಜೇಮ್ಸ್ ವಿಲ್ಸನ್ ಕೂಡ ನಮ್ಮಂತೆಯೇ ಕೆಲಸಕ್ಕಾಗಿ ಸಮುದ್ರ ದಾಟಿದವರು ಎಂಬುದು ಅನೇಕರಿಗೆ ಗೊತ್ತಿಲ್ಲ.

ವಿಲ್ಸನ್ ಹುಟ್ಟಿದ್ದು 1805ರಲ್ಲಿ, ಸ್ಕಾಟ್ಲೆಂಡಿನ ಹಾವಿಕ್ ಎಂಬ ಸಣ್ಣ ಪಟ್ಟಣದಲ್ಲಿ. ತಂದೆಯದು ಉಣ್ಣೆಬಟ್ಟೆಯ ಉದ್ಯಮ, ಮನೆ ತುಂಬ ಮಕ್ಕಳು. ಹದಿನಾರರ ವಯಸ್ಸಿಗೆ ಟೋಪಿ ತಯಾರಿಸುವವರ ಬಳಿ ಕೆಲಸ ಕಲಿಯಲು ಸೇರಿದರು. 1824ರಲ್ಲಿ ಲಂಡನ್ನಿಗೆ ಬಂದು ಟೋಪಿ ವ್ಯಾಪಾರದಲ್ಲೇ ಬೆಳೆದು ಸ್ಥಿತಿವಂತರಾದರು. ಆಮೇಲೆ ನೀಲಿ ಬಣ್ಣದ ಸಟ್ಟಾ ವ್ಯಾಪಾರಕ್ಕೆ ಕೈಹಾಕಿದರು. ಬೆಲೆ ಏರುತ್ತದೆಂದು ನಂಬಿ ಹಣ ಹೂಡಿದರು, ಬೆಲೆ ಕುಸಿಯಿತು. 1837ರ ಹೊತ್ತಿಗೆ ಗಳಿಸಿದ್ದರಲ್ಲಿ ಬಹುಪಾಲು ಕರಗಿಹೋಯಿತು.

ಆಗ ಅವರು ಮಾಡಿದ್ದನ್ನು ನಮ್ಮ ಕಸುಬಿನವರು ಮರೆಯಬಾರದು. ಸಾಲ ಕೊಟ್ಟವರಿಗೆ ಒಂದಷ್ಟು ನಗದು ಕೊಟ್ಟು, ಉಳಿದದ್ದಕ್ಕೆ ಆಸ್ತಿಯನ್ನು ಒಪ್ಪಿಸಿದರು. ಅವರೂ ಒಪ್ಪಿ ಲೆಕ್ಕ ಚುಕ್ತಾ ಮಾಡಿಕೊಂಡರು. ಮುಂದೆ ಆ ಆಸ್ತಿ ಎಣಿಸಿದಷ್ಟು ಬೆಲೆಗೆ ಹೋಗಲಿಲ್ಲ. ಕಾನೂನಿನ ಪ್ರಕಾರ ವಿಲ್ಸನ್ ಮೇಲೆ ಯಾವ ಬಾಕಿಯೂ ಇರಲಿಲ್ಲ. ಆದರೂ ಕೈಗೆ ಹಣ ಬಂದಾಗ ಕಡಿಮೆಬಿದ್ದ ಮೊತ್ತವನ್ನು ಸದ್ದಿಲ್ಲದೆ ತೀರಿಸಿದರು.

1843ರಲ್ಲಿ ಅವರು ‘ದಿ ಎಕನಾಮಿಸ್ಟ್’ ಪತ್ರಿಕೆ ಆರಂಭಿಸಿದರು. ಧಾನ್ಯದ ಆಮದಿನ ಮೇಲಿನ ಸುಂಕ ಬಡವರ ರೊಟ್ಟಿಯನ್ನು ದುಬಾರಿ ಮಾಡುತ್ತದೆ ಎಂಬುದು ಅವರ ವಾದ. 1847ರಲ್ಲಿ ಪಾರ್ಲಿಮೆಂಟಿಗೆ ಆಯ್ಕೆಯಾದರು, ಬ್ರಿಟನ್ನಿನ ಖಜಾನೆಯಲ್ಲಿ ಹಣಕಾಸು ಕಾರ್ಯದರ್ಶಿಯಾದರು. 1853ರಲ್ಲಿ ಅವರು ಸ್ಥಾಪಿಸಿದ ಬ್ಯಾಂಕೇ ಮುಂದೆ ಸ್ಟ್ಯಾಂಡರ್ಡ್ ಚಾರ್ಟರ್ಡ್ ಆಯಿತು. ದುಬೈ, ಸಿಂಗಪುರಗಳಲ್ಲಿ ನಮ್ಮವರು ಎಷ್ಟೋ ಮಂದಿ ಅದರಲ್ಲಿ ಖಾತೆ ಇಟ್ಟುಕೊಂಡಿದ್ದಾರೆ.

ಇತ್ತ ಭಾರತದಲ್ಲಿ 1857ರ ದಂಗೆ ನಡೆದಿತ್ತು. ಅದನ್ನು ಅಡಗಿಸಲು ತಗಲಿದ ಖರ್ಚನ್ನು ಬ್ರಿಟನ್ ಹೊತ್ತುಕೊಳ್ಳಲಿಲ್ಲ, ಭಾರತದ ಲೆಕ್ಕಕ್ಕೇ ಬರೆಯಿತು. ಸರ್ಕಾರದ ಸಾಲ ಸುಮಾರು 4 ಕೋಟಿ ಪೌಂಡಿನಷ್ಟು ಹೆಚ್ಚಿತು. ವರ್ಷ ವರ್ಷವೂ ಕೊರತೆ. ಇದನ್ನು ಸರಿಪಡಿಸಲು ವಿಲ್ಸನ್ ಅವರನ್ನು ವೈಸರಾಯ್ ಕೌನ್ಸಿಲಿನ ಹಣಕಾಸು ಸದಸ್ಯರನ್ನಾಗಿ ನೇಮಿಸಿದರು. 1859ರ ನವೆಂಬರ್ ಕೊನೆಯಲ್ಲಿ ಅವರು ಕಲ್ಕತ್ತಕ್ಕೆ ಬಂದಿಳಿದರು.

1860ರ ಫೆಬ್ರವರಿ 18ರಂದು ಅವರು ಮಂಡಿಸಿದ್ದು ಭಾರತದ ಮೊದಲ ಬಜೆಟ್. ವರ್ಷದ ಆದಾಯ, ಖರ್ಚುಗಳನ್ನು ಮುಂಚಿತವಾಗಿ ಅಂದಾಜು ಮಾಡುವ ಪದ್ಧತಿ ಅಲ್ಲಿಂದ ಬೇರೂರಿತು. ಅದರ ಜೊತೆಗೇ ಬಂದದ್ದು ಆದಾಯ ತೆರಿಗೆ. ವರ್ಷಕ್ಕೆ 200 ರೂಪಾಯಿಗಿಂತ ಕಡಿಮೆ ಗಳಿಸುವವರಿಗೆ ವಿನಾಯಿತಿ. 500ರವರೆಗೆ ನೂರಕ್ಕೆ 2, ಅದರ ಮೇಲೆ ನೂರಕ್ಕೆ 4. ಜಮೀನು, ವ್ಯಾಪಾರ, ಸಾಲಪತ್ರದ ಬಡ್ಡಿ, ಸಂಬಳ, ಎಲ್ಲಕ್ಕೂ ಅನ್ವಯ. ಕಾಯ್ದೆ ಜುಲೈ 24ರಂದು ಜಾರಿಯಾಯಿತು. ಇಂದಿಗೂ ಆ ದಿನವನ್ನು ಆದಾಯ ತೆರಿಗೆ ದಿನವೆಂದು ಆಚರಿಸುತ್ತಾರೆ.

ದೊಡ್ಡ ವಿರೋಧ ಬಂದದ್ದು ಮದ್ರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಅವರಿಂದ. ನಮ್ಮ ಬಳ್ಳಾರಿ, ಮಂಗಳೂರು ಆಗ ಮದ್ರಾಸ್ ಪ್ರಾಂತ್ಯಕ್ಕೇ ಸೇರಿದ್ದವು. ಹೊಸ ತೆರಿಗೆ ಬೇಡ, ಮೊದಲು ಸೈನ್ಯದ ಖರ್ಚು ಇಳಿಸಿ ಎಂಬುದು ಟ್ರೆವೆಲಿಯನ್ ಅವರ ನಿಲುವು. ಅದನ್ನು ಪತ್ರಿಕೆಗಳಿಗೂ ಕೊಟ್ಟುಬಿಟ್ಟಿದ್ದರಿಂದ ಅವರನ್ನು ವಾಪಸ್ ಕರೆಸಿಕೊಂಡರು. ತೆರಿಗೆ ತೆರಬೇಕಾದ ಭಾರತೀಯರ ಮಾತು ಮಾತ್ರ ಎಲ್ಲೂ ಕೇಳಿಬರಲಿಲ್ಲ. ಶಾಸನ ಸಭೆಯಲ್ಲಿ ಅವರಲ್ಲಿ ಒಬ್ಬರಿಗೂ ಸ್ಥಾನವಿರಲಿಲ್ಲ.

ಕಾಯ್ದೆ ಜಾರಿಯಾಗಿ ಮೂರು ವಾರ ಕಳೆಯುವ ಮುನ್ನವೇ, ಆಗಸ್ಟ್ 11ರಂದು, ಆಮಶಂಕೆಯಿಂದ ವಿಲ್ಸನ್ ಕಲ್ಕತ್ತದಲ್ಲಿ ತೀರಿಕೊಂಡರು. ವಯಸ್ಸು 55. ಭಾರತದಲ್ಲಿ ಇದ್ದದ್ದು ಒಂಬತ್ತು ತಿಂಗಳಿಗೂ ಕಡಿಮೆ. ಅವರ ಸಿದ್ಧತೆಯ ಮೇಲೆ 1861ರಲ್ಲಿ ಸರ್ಕಾರಿ ನೋಟು ಬಂತು. ಆದಾಯ ತೆರಿಗೆಯನ್ನು 1865ರಲ್ಲಿ ಕೈಬಿಟ್ಟರು. ಮುಂದೆ 1886ರ ಕಾಯ್ದೆಯೊಂದಿಗೆ ಅದು ಕಾಯಂ ಆಯಿತು. ವಿಲ್ಸನ್ ಸಮಾಧಿ ಮಾತ್ರ ಜನರ ನೆನಪಿನಿಂದ ಮರೆಯಾಗಿತ್ತು. 2007ರಲ್ಲಿ ಕೋಲ್ಕತ್ತದ ಹಳೆಯ ಸ್ಮಶಾನವೊಂದರಲ್ಲಿ ಅದನ್ನು ಹುಡುಕಿ ತೆಗೆದವರು ಆದಾಯ ತೆರಿಗೆ ಇಲಾಖೆಯ ಅಧಿಕಾರಿಯೊಬ್ಬರು.

ಲೆಕ್ಕದ ಶಿಸ್ತಿಗಾಗಿ ನಾವು ವಿಲ್ಸನ್ ಅವರನ್ನು ಗೌರವಿಸುತ್ತೇವೆ. ಆದರೆ ಅವರ ಬದುಕಿನಲ್ಲಿ ಎರಡು ಸಾಲಗಳಿವೆ. ಒಂದನ್ನು ಮಾಡಿದವರೂ ಅವರೇ, ಕಾನೂನು ಕೇಳದಿದ್ದರೂ ತೀರಿಸಿದವರೂ ಅವರೇ. ಇನ್ನೊಂದನ್ನು ಮಾಡಿದ್ದು ಲಂಡನ್ ಮತ್ತು ಕಲ್ಕತ್ತದ ಆಳುವವರು, ತೀರಿಸಿದ್ದು ಅದನ್ನು ಕೇಳಿಯೇ ಇರದ ರೈತ, ಅಂಗಡಿಯವ, ಗುಮಾಸ್ತ. ಊರಲ್ಲಿ ಒಬ್ಬರು ಕೇಳದೆ ಮಾಡಿದ ಸಾಲಕ್ಕೆ ಮಸ್ಕತ್‌ನಲ್ಲಿರುವ ಮಗ ಓವರ್‌ಟೈಮ್ ದುಡಿದು ಕಂತು ಕಟ್ಟುವ ಮನೆಗಳಲ್ಲಿ ಈ ನೋವು ಚೆನ್ನಾಗಿ ಗೊತ್ತು. ಇಂದು ಬಜೆಟ್ಟನ್ನು ಒಪ್ಪುವ ಸಭೆಗೆ ಕಳಿಸಲು ನಮ್ಮವರಿಗೆ ಮತವಿದೆ. ಹಾಗಾಗಿ ಬಜೆಟ್ ದಿನ ತೆರಿಗೆ ಎಷ್ಟು ಇಳಿಯಿತು ಎಂದಷ್ಟೇ ನೋಡದೆ, ಸಾಲ ಎಷ್ಟು, ಯಾವುದಕ್ಕೆ, ತೀರಿಸುವವರು ಯಾರು ಎಂಬ ಸಾಲುಗಳನ್ನೂ ಓದೋಣ.