ಯೋಗಾಚಾರ್ಯ ತಿರುಮಲೆ ಕೃಷ್ಣಮಾಚಾರ್ಯರು

೨೦೧೫ನೆಯ ಇಸವಿಯಿಂದೀಚೆಗೆ ಜೂನ್ ೨೧ನೆಯ ತಾರೀಖು ಬಂದಿತೆಂದರೆ ನಮ್ಮ ಪಟ್ಟಣಗಳ ಮೈದಾನಗಳಲ್ಲಿ ಸಹಸ್ರಾರು ಮಂದಿ ನೆರೆದು, ಒಬ್ಬರ ಕೂಗಿಗೆ ಎಲ್ಲರೂ ಏಕಪ್ರಕಾರವಾಗಿ ಬಗ್ಗಿ ಏಳುವುದನ್ನು ವಾಚಕರು ಕಂಡೇ ಇರುತ್ತಾರೆ. ಎಂಟು ವರ್ಷದ ಬಾಲಕನೂ ಪೆನ್ಷನ್ ಪಡೆಯುವ ವೃದ್ಧರೂ ಅಕ್ಕಪಕ್ಕದಲ್ಲಿ ನಿಂತು ಒಂದೇ ಆಸನವನ್ನು ಹಾಕುತ್ತಾರೆ. ಈ ಉತ್ಸಾಹವನ್ನು ನಾವು ಹಳಿಯುವವರಲ್ಲ. ಆದರೆ ಈ ವಿದ್ಯೆಯನ್ನು ಇಂದಿನ ಲೋಕಕ್ಕೆ ಒದಗಿಸಿದವರಲ್ಲಿ ಅಗ್ರಗಣ್ಯರೂ, ಕನ್ನಡನಾಡಿನಲ್ಲಿಯೇ ಜನಿಸಿದವರೂ ಆದ ತಿರುಮಲೆ ಕೃಷ್ಣಮಾಚಾರ್ಯರು ಇದನ್ನು ಒಪ್ಪುತ್ತಿದ್ದರೇ ಎಂಬ ಸಂದೇಹವು ನಮ್ಮನ್ನು ಬಿಡದು.

ಆಚಾರ್ಯರು ೧೮೮೮ನೆಯ ಇಸವಿ ನವೆಂಬರ್ ೧೮ರಂದು ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ ಹುಟ್ಟಿದರು. ತಂದೆ ಶ್ರೀನಿವಾಸ ತಾತಾಚಾರ್ಯರೇ ಮೊದಲ ಗುರುಗಳು. ಹತ್ತರ ಪ್ರಾಯದಲ್ಲಿ ಪಿತೃವಿಯೋಗವಾಗಲು ಕುಟುಂಬವು ಮೈಸೂರಿಗೆ ಬಂದಿತು. ಅಲ್ಲಿ ಪರಕಾಲಮಠದ ಆಶ್ರಯದಲ್ಲಿ ಶಾಸ್ತ್ರಾಭ್ಯಾಸ ಸಾಗಿತು. ಅನಂತರ ಕಾಶಿ ಮೊದಲಾದೆಡೆಗಳಲ್ಲಿ ವ್ಯಾಕರಣ, ತರ್ಕ, ಮೀಮಾಂಸೆ, ವೇದಾಂತಗಳನ್ನು ಓದಿ ಪದವಿಗಳನ್ನು ಗಳಿಸಿದರು. ಇಷ್ಟರಿಂದ ತೃಪ್ತರಾಗದೆ ಮಾನಸಸರೋವರದ ಪ್ರಾಂತಕ್ಕೆ ನಡೆದು, ರಾಮಮೋಹನ ಬ್ರಹ್ಮಚಾರಿಗಳೆಂಬ ಗುರುಗಳ ಬಳಿ ಏಳೂವರೆ ವರ್ಷ ಯೋಗವನ್ನು ಕಲಿತುದಾಗಿ ಅವರೇ ಹೇಳಿಕೊಂಡಿದ್ದಾರೆ. ಆ ಗುರುಗಳು ಬೇಡಿದ ದಕ್ಷಿಣೆಯೆಂದರೆ, ಶಿಷ್ಯನು ಸಂನ್ಯಾಸಿಯಾಗದೆ ಗೃಹಸ್ಥನಾಗಿ ಯೋಗವನ್ನು ಬೋಧಿಸಬೇಕೆಂಬುದು.

ಷಡ್ದರ್ಶನ ಪಂಡಿತರಿಗೆ ದೊಡ್ಡ ವಿದ್ಯಾಲಯಗಳಲ್ಲಿ ಪದವಿ ದೊರೆಯುವುದು ಕಷ್ಟವಾಗಿರಲಿಲ್ಲ. ಗುರುವಿಗೆ ಕೊಟ್ಟ ಮಾತಿಗಾಗಿ ಅವರು ಯೋಗವನ್ನು ಹಿಡಿದರು. ಯೋಗವು ಅವರಿಗೆ ಅನ್ನವನ್ನು ಕೊಡಲಿಲ್ಲ. ನಾಮಗಿರಿಯಮ್ಮನವರ ಕೈಹಿಡಿದ ಮೇಲೆ ಜೀವನಕ್ಕಾಗಿ ಹಾಸನದ ಕಡೆಯ ಕಾಫಿ ತೋಟದಲ್ಲಿ ಉದ್ಯೋಗ ಮಾಡಬೇಕಾಯಿತು. ಪತ್ನಿಯ ಹರಕು ಸೀರೆಯ ತುಂಡನ್ನೇ ಕೌಪೀನವಾಗಿ ಧರಿಸಿದ ದಿನಗಳೂ ಇದ್ದುವೆಂದು ಅವರ ಮನೆಯವರು ನೆನೆಯುತ್ತಿದ್ದರು. ರಜೆಯ ದಿನಗಳಲ್ಲಿ ಊರೂರು ತಿರುಗಿ ಉಪನ್ಯಾಸ ಕೊಟ್ಟು ಆಸನಗಳನ್ನು ಪ್ರದರ್ಶಿಸುತ್ತಿದ್ದರು. ೧೯೨೭ರಲ್ಲಿ ಹಾಸನದಲ್ಲಿ ನಡೆದ ಅಂಥ ಒಂದು ಪ್ರದರ್ಶನವನ್ನು ನೋಡಿ ಬೆರಗಾದ ಕೌಶಿಕ ಗ್ರಾಮದ ಹನ್ನೆರಡು ವರ್ಷದ ಬಾಲಕನೇ ಮುಂದೆ ಲೋಕಪ್ರಸಿದ್ಧರಾದ ಪಟ್ಟಾಭಿ ಜೋಯಿಸರು.

ನಾಲ್ವಡಿ ಕೃಷ್ಣರಾಜ ಒಡೆಯರ ದೃಷ್ಟಿಗೆ ಬಿದ್ದ ಮೇಲೆ ಆಚಾರ್ಯರ ದೆಸೆ ತಿರುಗಿತು. ೧೯೩೩ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ತೆರೆಯಿತು. ಮರುವರ್ಷ ಅರಮನೆಯ ದ್ರವ್ಯದಿಂದ 'ಯೋಗಮಕರಂದ'ವು ಅಚ್ಚಾಯಿತು. ೧೯೪೧ರಲ್ಲಿ 'ಯೋಗಾಸನಗಳು' ಹೊರಬಂದಿತು. ಇಂದು ದೇಶಾಂತರಗಳ ಯೋಗಾಭ್ಯಾಸಿಗಳು ಭಾಷಾಂತರದಲ್ಲಿ ಓದುವ ಈ ಎರಡು ಗ್ರಂಥಗಳೂ ಮೊದಲು ಕನ್ನಡದಲ್ಲಿ ಹುಟ್ಟಿದುವೆಂಬುದನ್ನು ಕನ್ನಡಿಗರೇ ಅನೇಕರು ಅರಿಯರು.

ಆ ಶಾಲೆಗೆ ಬರುತ್ತಿದ್ದವರು ಬಹುತೇಕ ಹುಡುಗರು, ಅವರಲ್ಲಿ ಅನೇಕರು ಅರಸು ಮನೆತನದವರು. ಎಳೆಯ ಮೈಗೆ ತಕ್ಕಂತೆ ಶಿಕ್ಷಣವೂ ಚುರುಕಾಗಿತ್ತು: ಉಸಿರಿನ ಲೆಕ್ಕಕ್ಕೆ ಹಾರಿ, ಬಾಗಿ, ಒಂದು ಆಸನದಿಂದ ಇನ್ನೊಂದಕ್ಕೆ ನಿಲ್ಲದೆ ಸಾಗುವ ವಿನ್ಯಾಸಕ್ರಮ. ಆಚಾರ್ಯರು ಕೋಪಿಷ್ಠರೆಂಬುದನ್ನು ಮರೆಮಾಚಬೇಕಾಗಿಲ್ಲ. ನಾಮಗಿರಿಯಮ್ಮನವರ ತಮ್ಮಂದಿರಾದ ಬೆಳ್ಳೂರು ಕೃಷ್ಣಮಾಚಾರ್ ಸುಂದರರಾಜ ಅಯ್ಯಂಗಾರರು ೧೯೩೪ರಲ್ಲಿ, ವ್ಯಾಧಿಗಳಿಂದ ಬಡಕಲಾದ ಹುಡುಗನಾಗಿ ಭಾವನ ಮನೆ ಸೇರಿದರು. ಪ್ರದರ್ಶನವೊಂದರಲ್ಲಿ ಎಂದೂ ಅಭ್ಯಾಸಮಾಡದ ಹನುಮಾನಾಸನವನ್ನು ಭಾವನ ಆಜ್ಞೆಗೆ ಹೆದರಿ ಹಾಕಿ, ತೊಡೆಯ ನರಗಳನ್ನು ನೋಯಿಸಿಕೊಂಡುದನ್ನು ಅವರು ವೃದ್ಧಾಪ್ಯದಲ್ಲಿಯೂ ಹೇಳುತ್ತಿದ್ದರು. ಇಂಥ ಶಿಕ್ಷಣವನ್ನು ನಾವು ಪ್ರಶಂಸಿಸಲಾರೆವು. ರಾಜಾಶ್ರಯದ ವಿದ್ಯೆಗೆ ಪ್ರೇಕ್ಷಕರನ್ನು ಮೆಚ್ಚಿಸುವ ಹೊರೆ ಇದ್ದೇ ಇತ್ತು; ಆ ಹೊರೆ ಹುಡುಗರ ಮೈಮೇಲೆ ಬಿದ್ದಿತು.

೧೯೩೭ರ ಸುಮಾರಿಗೆ ರೀಗಾ ಪಟ್ಟಣದಲ್ಲಿ ಜನಿಸಿದ ಇಂದ್ರಾದೇವಿಯವರು ಶಿಷ್ಯತ್ವವನ್ನು ಬೇಡಿದಾಗ ಆಚಾರ್ಯರು ಒಪ್ಪಲಿಲ್ಲ: ಹೆಂಗಸು, ಅದರಲ್ಲಿಯೂ ವಿದೇಶೀಯಳು. ಮಹಾರಾಜರ ಮಾತಿನ ಮೇಲೆ ಸೇರಿಸಿಕೊಂಡರು. ಸೇರಿಸಿಕೊಂಡ ಮೇಲೆ ಹುಡುಗರ ಪಾಠವನ್ನು ಆಕೆಯ ಮೇಲೆ ಹೇರಲಿಲ್ಲ. ಆಕೆ ಕಲಿತು ಹೋಗಿ ಪರದೇಶಗಳಲ್ಲಿ ಬೋಧಿಸಿದ ಯೋಗವು ಸೌಮ್ಯವಾದುದು. ಜೋಯಿಸರದು ಕುಪ್ಪಳಿಸುವ ಯೋಗ, ಅಯ್ಯಂಗಾರರದು ಅಂಗಾಂಗಗಳನ್ನು ಅಳೆದು ನಿಲ್ಲಿಸುವ ಯೋಗ, ಇಂದ್ರಾದೇವಿಯವರದು ಮೃದುವಾದ ಯೋಗ. ಇವುಗಳಲ್ಲಿ ಯಾವುದು ನಿಜವೆಂದು ಶಿಷ್ಯರ ಶಿಷ್ಯರು ವಾದಿಸುವುದುಂಟು. ಒಬ್ಬ ವೈದ್ಯನು ಮೂವರಿಗೆ ಕೊಟ್ಟ ಔಷಧಿಯ ಸೀಸೆಗಳನ್ನು ಹಿಡಿದುಕೊಂಡು ರೋಗಿಗಳು ಜಗಳವಾಡಿದಂತೆ ನಮಗಿದು ತೋರುತ್ತದೆ.

೧೯೪೦ರ ಆಗಸ್ಟಿನಲ್ಲಿ ನಾಲ್ವಡಿಯವರು ಸ್ವರ್ಗಸ್ಥರಾದರು. ಶಾಲೆಯ ಆಸರೆ ಕ್ರಮೇಣ ಸಡಿಲಿತು. ಸ್ವಾತಂತ್ರ್ಯಾನಂತರ ಅರಮನೆಯ ಅಧಿಕಾರ ಹೋಗಿ ಜನಸರ್ಕಾರ ಬಂದಿತು. ೧೯೫೦ರಲ್ಲಿ ಯೋಗಶಾಲೆ ಮುಚ್ಚಿತು. ಪರಕೀಯರ ಆಳ್ವಿಕೆಯಲ್ಲಿ ಒಬ್ಬ ಅರಸನು ಸಲಹಿದ ದೇಶೀಯ ವಿದ್ಯೆಯನ್ನು ಸ್ವರಾಜ್ಯವು ಸಲಹದೆ ಹೋದುದನ್ನು ಬರೆಯುವಾಗ ನಮಗೆ ನಾಚಿಕೆಯಾಗುತ್ತದೆ. ಅರವತ್ತು ದಾಟಿದ ಆಚಾರ್ಯರು ಮತ್ತೊಮ್ಮೆ ಜೀವನೋಪಾಯವನ್ನು ಹುಡುಕಬೇಕಾಯಿತು. ಬೆಂಗಳೂರಿನಲ್ಲಿ ಕೆಲಕಾಲವಿದ್ದು, ಪಾರ್ಶ್ವವಾಯು ಪೀಡಿತರಾದ ವಕೀಲರೊಬ್ಬರ ಚಿಕಿತ್ಸೆಗೆ ಕರೆ ಬರಲು ೧೯೫೨ರಲ್ಲಿ ಮದರಾಸಿಗೆ ಹೋದರು, ಅಲ್ಲಿಯೇ ನೆಲಸಿದರು. ಮೈಸೂರಿನ ನಷ್ಟವು ಮದರಾಸಿನ ಲಾಭವಾಯಿತು.

ಅಲ್ಲಿ ಅವರ ಬಳಿ ಬಂದವರು ಹಾರುವ ಹುಡುಗರಲ್ಲ. ರೋಗಿಗಳು, ಗೃಹಸ್ಥರು, ಸ್ತ್ರೀಯರು, ಮುದುಕರು. ಮೊದಲು ನಾಡಿಯನ್ನು ಹಿಡಿದು ನೋಡುವರು, ಆಹಾರ ಉದ್ಯೋಗಗಳನ್ನು ವಿಚಾರಿಸುವರು, ಆಮೇಲೆ ಒಬ್ಬೊಬ್ಬರನ್ನೇ ಕೂರಿಸಿ ಪಾಠ ಹೇಳುವರು. ಬೆಳೆಯುವ ವಯಸ್ಸಿಗೆ ಸೃಷ್ಟಿಕ್ರಮ, ಸಂಸಾರದ ಭಾರ ಹೊತ್ತ ನಡುವಯಸ್ಸಿಗೆ ಸ್ಥಿತಿಕ್ರಮ, ಇಳಿವಯಸ್ಸಿಗೆ ಪ್ರಾಣಾಯಾಮ ಧ್ಯಾನಗಳೇ ಮುಖ್ಯವಾದ ಅಂತ್ಯಕ್ರಮ ಎಂದು ವಿಭಾಗಿಸಿ, ಇದು ನಾಥಮುನಿಗಳ ಉಪದೇಶವೆನ್ನುತ್ತಿದ್ದರು. ಕೈಯೆತ್ತಲಾರದವನಿಗೆ ಕೈಯೆತ್ತುವಷ್ಟೇ ಆಸನ. ಉಸಿರು ಸಾಲದವನಿಗೆ ಕುರ್ಚಿಯ ಮೇಲೆ ಕುಳಿತು ಉಸಿರಾಟ. ಹಿಂದೆ ಹೆಂಗಸೆಂದು ಹಿಂಜರಿದವರೇ ಮುಂದೆ ಸ್ತ್ರೀಯರಿಗೂ ವೇದಪಠನವನ್ನು ಕಲಿಸಿದರು.

ಮಗ ದೇಶಿಕಾಚಾರ್ಯರು ಇಂಜಿನಿಯರಿಂಗ್ ಪದವೀಧರರು, ತಂದೆಯ ವಿದ್ಯೆಯಲ್ಲಿ ಆಸಕ್ತಿಯಿಲ್ಲದವರು. ಒಂದು ದಿನ ಪರದೇಶದ ಮಹಿಳೆಯೊಬ್ಬರು ಕಾರಿನಿಂದಿಳಿದು ಬಂದು, ಎಷ್ಟೋ ಕಾಲದ ಮೇಲೆ ರಾತ್ರಿ ಔಷಧವಿಲ್ಲದೆ ನಿದ್ರೆ ಬಂದಿತೆಂದು ಸಂತೋಷದಿಂದ ವೃದ್ಧರನ್ನು ಅಪ್ಪಿಕೊಂಡರಂತೆ. ಮಡಿವಂತ ಮನೆತನದ ತರುಣನು ಇದನ್ನು ಕಂಡು ಗಾಬರಿಗೊಂಡು, ಕಾರಣವನ್ನು ತಿಳಿದು, ಉದ್ಯೋಗವನ್ನು ಬಿಟ್ಟು ತಂದೆಗೆ ಶಿಷ್ಯನಾದನು. ೧೯೭೬ರಲ್ಲಿ ಅವರು ಮದರಾಸಿನಲ್ಲಿ ತಂದೆಯ ಹೆಸರಿನ ಯೋಗಮಂದಿರವನ್ನು ಸ್ಥಾಪಿಸಿದರು.

ತೊಂಬತ್ತಾರರ ವಯಸ್ಸಿನಲ್ಲಿ ಆಚಾರ್ಯರು ಬಿದ್ದು ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಗೆ ಒಪ್ಪಲಿಲ್ಲ. ಮಲಗಿದ ಹಾಸಿಗೆಯ ಮೇಲೆಯೇ ಮಾಡಬಹುದಾದ ಅಭ್ಯಾಸಕ್ರಮವೊಂದನ್ನು ತಮಗಾಗಿ ತಾವೇ ರಚಿಸಿಕೊಂಡು ನಡೆಸಿದರು. ನೂರು ವರ್ಷ ತುಂಬಿದ ಮೇಲೆ, ೧೯೮೯ನೆಯ ಇಸವಿ ಫೆಬ್ರವರಿ ೨೮ರಂದು, ಮದರಾಸಿನಲ್ಲಿ ಕಾಲವಾದರು.