ಕಲ್ಲುಕತ್ತಿಗಳ ಬೆನ್ನುಹತ್ತಿದ ಫೂಟ್ ಸಾಹೇಬರು

ತಳಕು ಎಂದೊಡನೆ ಕನ್ನಡ ಬಲ್ಲವರಿಗೆ ನೆನಪಾಗುವುದು ಸಾಹಿತ್ಯ. ಟಿ. ಎಸ್. ವೆಂಕಣ್ಣಯ್ಯ, ತ. ಸು. ಶಾಮರಾಯ, ತ. ರಾ. ಸುಬ್ಬರಾಯರ ಊರು ಅದು. ಆದರೆ ನಮ್ಮ ಸೀಮೆಯಲ್ಲಿ ಅಕ್ಷರ ಕಾಣಿಸಿಕೊಳ್ಳುವುದಕ್ಕೆ ಬಹು ಹಿಂದೆಯೇ ಕಸಬುಗಾರರಿದ್ದರು. ನೆರೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸ್ ಅವರು 1892ರಲ್ಲಿ ಅಶೋಕನ ಶಾಸನವನ್ನು ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವೀಲರ್ ಅದೇ ಗುಡ್ಡದ ಮಗ್ಗುಲನ್ನು ಅಗೆಸಿದಾಗ ಕಬ್ಬಿಣ ಬಳಸಿದ ಜನರ ಕುರುಹುಗಳೂ, ಅವುಗಳಿಗೂ ಕೆಳಗಿನ ಪದರದಲ್ಲಿ ನುಣುಪಾದ ಕಲ್ಗೊಡಲಿಗಳೂ ಸಣ್ಣ ಕಲ್ಲಲಗುಗಳೂ ದೊರೆತವು. ಇಂತಹ ಕಲ್ಲನ್ನು ಕೈಗೆತ್ತಿಕೊಂಡು, ಇದು ಬರಿಯ ಕಲ್ಲಲ್ಲ, ಮನುಷ್ಯನು ಮಾಡಿದ ಕತ್ತಿ ಎಂದು ದಕ್ಷಿಣ ದೇಶಕ್ಕೆಲ್ಲ ತೋರಿಸಿಕೊಟ್ಟವರು ರಾಬರ್ಟ್ ಬ್ರೂಸ್ ಫೂಟ್. ಅವರ ಹೆಸರು ನಮ್ಮ ಪಠ್ಯಪುಸ್ತಕದಲ್ಲಿ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ.

ಫೂಟರು ಹುಟ್ಟಿದ್ದು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮಿನಲ್ಲಿ, 1834ರಲ್ಲಿ. 1858ರಲ್ಲಿ, ಇಪ್ಪತ್ತನಾಲ್ಕರ ಹರೆಯದಲ್ಲಿ, ಭಾರತದ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯನ್ನು ಸೇರಿ ಮದರಾಸು ಪ್ರಾಂತಕ್ಕೆ ಬಂದರು. ಅವರಿಗೆ ಸಂಬಳ ಬರುತ್ತಿದ್ದುದು ಬಂಡೆಗಳ ಪದರಗಳನ್ನು ಗುರುತಿಸಿ ನಕ್ಷೆ ಬರೆಯುವುದಕ್ಕೆ, ಕತ್ತಿ ಹುಡುಕುವುದಕ್ಕಲ್ಲ. ಆದರೆ ಆಗಷ್ಟೇ ಫ್ರಾನ್ಸಿನ ಸೊಮ್ ನದಿಯ ಗರಸಿನಲ್ಲಿ ಪ್ರಾಚೀನ ಮಾನವನ ಕಲ್ಲಾಯುಧಗಳು ಸಿಕ್ಕಿವೆಯೆಂಬ ಮಾತನ್ನು ವಿದ್ವಾಂಸರು ಒಪ್ಪಿಕೊಂಡಿದ್ದರು. ಅಲ್ಲಿ ಸಿಕ್ಕಿದುದು ಇಲ್ಲಿ ಏಕೆ ಸಿಗಬಾರದೆಂಬ ಯೋಚನೆ ಫೂಟರ ತಲೆಯಲ್ಲಿ ಹೊಕ್ಕಿತು. 1863ನೆಯ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರದಲ್ಲಿ, ದಂಡಿನ ಕವಾಯತು ಮೈದಾನದ ಪಕ್ಕದ ಗರಸುಗುಂಡಿಯಲ್ಲಿ, ಕೈಗೊಡಲಿಯೊಂದು ಅವರ ಕಣ್ಣಿಗೆ ಬಿದ್ದಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗರೊಡನೆ ಅತ್ತಿರಂಪಾಕ್ಕಂನಲ್ಲಿ ಅಂತಹವನ್ನು ಇನ್ನೂ ಕಂಡರು. ಭಾರತದ ಪ್ರಾಗಿತಿಹಾಸ ಎಂಬ ಶಾಸ್ತ್ರ ಆರಂಭವಾದುದು ಹೀಗೆ, ಗರಸು ತೋಡಿದ ಗುಂಡಿಯಿಂದ.

ಕನ್ನಡ ನಾಡಿನಲ್ಲಿ ಇದಕ್ಕೂ ಮೊದಲೇ, 1842ರಲ್ಲಿ, ಡಾಕ್ಟರ್ ಪ್ರಿಮ್‌ರೋಸ್ ಎಂಬುವರು ಲಿಂಗಸುಗೂರಿನ ಬಳಿ ಕಲ್ಲಿನ ಚೂರಿಗಳನ್ನೂ ಬಾಣದ ಮೊನೆಗಳನ್ನೂ ಕಂಡಿದ್ದರು. ಕಂಡವರಿದ್ದರು, ಕೂಡಿಹಾಕಿ ಲೆಕ್ಕವಿಟ್ಟವರಿರಲಿಲ್ಲ. ಆ ಕೆಲಸವನ್ನು ಫೂಟರು ಸುಮಾರು ನಾಲ್ವತ್ತು ವರ್ಷ ಬಿಡದೆ ಮಾಡಿದರು. ಮಲಪ್ರಭೆಯ ದಂಡೆಯಲ್ಲಿ ಹಳೆಯ ಶಿಲಾಯುಗದ ಆಯುಧಗಳನ್ನು ಆರಿಸಿದರು. ಗೋಕಾಕದ ಕಡೆ ಚಿಕ್ಕದೌಲಿಯಲ್ಲಿ ಖಡ್ಗಮೃಗದ ಪಳೆಯುಳಿಕೆ ಸಿಕ್ಕಿತು; ಅದರ ವಿವರವನ್ನು 1874ರಲ್ಲಿ ಪ್ರಕಟಿಸಿದರು. ಬೆಳಗಾವಿ ಸೀಮೆಯಲ್ಲಿ ಒಂದಾನೊಂದು ಕಾಲಕ್ಕೆ ಖಡ್ಗಮೃಗ ಮೇಯುತ್ತಿತ್ತೆಂದರೆ ನಮ್ಮ ತರಗತಿಯಲ್ಲಿ ಎಷ್ಟು ಮಂದಿ ನಂಬಿಯಾರು!

ಅವರ ಬಾಳಿನಲ್ಲಿ ನನಗೆ ಬಹಳ ಹಿಡಿಸುವ ಭಾಗ ಬಳ್ಳಾರಿಯದು. ತಳಕಿನ ಮೇಲೆ ಹಾದು, ಹಾನಗಲ್, ರಾಂಪುರ ದಾಟಿ ಹೋಗುವ ಹೆದ್ದಾರಿ ಬಳ್ಳಾರಿಗೆ ಮುಟ್ಟುತ್ತದೆ. ಆ ಊರಿನ ಸಮೀಪದಲ್ಲಿ ಸಂಗನಕಲ್ಲು, ಕಪ್ಪಗಲ್ಲು ಎಂಬ ಹಳ್ಳಿಗಳಿವೆ. ಕಪ್ಪಗಲ್ಲಿನ ಗುಡ್ಡದಲ್ಲಿ ಕಲ್ಗೊಡಲಿಗಳಿರುವುದನ್ನು ಮೊದಲು ಗಮನಿಸಿದವರು ಜಿಲ್ಲಾ ಎಂಜಿನಿಯರಾಗಿದ್ದ ಫ್ರೇಸರ್. ಫೂಟರು ಅಲ್ಲಿಗೆ ಹೋಗಿ ನೋಡಿ, ಇದು ಜನವಸತಿ ಮಾತ್ರವಲ್ಲ, ಆಯುಧಗಳ ಕಾರ್ಖಾನೆಯೇ ಸರಿ ಎಂದು ಗೊತ್ತುಮಾಡಿದರು. ಬೆಳ್ಳನೆಯ ಗ್ರಾನೈಟಿನ ನಡುವೆ ಕರಿಕಲ್ಲಿನ ಪಟ್ಟೆಯೊಂದು ಗುಡ್ಡವನ್ನು ಸೀಳಿಕೊಂಡು ಹೋಗಿದೆ. ಕೆಲಸಗಾರರು ಆ ಕರಿಕಲ್ಲನ್ನೇ ಆರಿಸಿಕೊಂಡಿದ್ದರು. ಮೊದಲು ಗುಂಡುಕಲ್ಲಿನಿಂದ ಹೊಡೆದು ಚಕ್ಕೆ ಎಬ್ಬಿಸಿ ಆಕಾರ ತರುವುದು. ಆಮೇಲೆ ಉಬ್ಬುತಗ್ಗುಗಳನ್ನು ಮೆಲ್ಲಗೆ ಕುಟ್ಟಿ ಸಮಮಾಡುವುದು. ಕಡೆಗೆ ಬಂಡೆಯ ಮೇಲೆ ಉಜ್ಜಿ ಉಜ್ಜಿ ಬಾಯಿ ಹರಿತಗೊಳಿಸುವುದು. ಉಜ್ಜಿದ ಗುಣಿಗಳು ಬಂಡೆಗಳ ಮೇಲೆ ದೋಣಿಯಂತೆ ಉಳಿದಿವೆ. ಅರ್ಧಕ್ಕೆ ಬಿಟ್ಟ ಕೊಡಲಿ, ಕೊನೆಯ ಏಟಿಗೆ ಮುರಿದುಹೋದ ಕೊಡಲಿ, ರಾಶಿ ರಾಶಿ ಚಕ್ಕೆಗಳು, ಇವೆಲ್ಲವೂ ಅಲ್ಲಿದ್ದವು. ಬರಿಯ ಅಂದದ ವಸ್ತುಗಳನ್ನು ಕೂಡಿಡುವವನಾಗಿದ್ದರೆ ಮುರುಕನ್ನು ಒದ್ದು ಮುಂದೆ ಹೋಗುತ್ತಿದ್ದನು. ಫೂಟರಿಗೆ ಮುರುಕೇ ಮುಖ್ಯವಾಯಿತು. ಮುಗಿದ ಕತ್ತಿ ತಾನು ಹೇಗೆ ಆದೆನೆಂದು ಹೇಳುವುದಿಲ್ಲ, ಅರ್ಧವಾದುದು ಹೇಳುತ್ತದೆ.

ಬಳ್ಳಾರಿ ಸೀಮೆಯ ಬೂದಿಗುಡ್ಡೆಗಳ ವಿಷಯದಲ್ಲಿಯೂ ಅವರ ಈ ಬುದ್ಧಿ ಕೆಲಸಮಾಡಿತು. ಹಂಪೆಯ ಹತ್ತಿರದ ನಿಂಬಾಪುರದ ಬೂದಿಯನ್ನು ಜನ ವಾಲಿಯ ಚಿತೆಯ ಬೂದಿಯೆನ್ನುತ್ತಾರೆ. ಇಂತಹ ಗುಡ್ಡೆಗಳು ಕಲ್ಗೊಡಲಿಯ ಕಾಲದ ದನಗಾಹಿಗಳು ಸಗಣಿಯ ರಾಶಿ ಸುಟ್ಟುದರಿಂದ ಆದವೆಂದು ಫೂಟರು ಬರೆದರು. ಬಹುಕಾಲ ಅದು ತೀರ್ಮಾನವಾಗದೆ ಉಳಿಯಿತು. ರೇಮಂಡ್ ಆಲ್ಚಿನ್ ಅವರು 1957ರಲ್ಲಿ ಉತ್ನೂರಿನ ಬೂದಿಗುಡ್ಡೆಯನ್ನು ಅಗೆಸಿ 1963ರಲ್ಲಿ ಗ್ರಂಥ ಪ್ರಕಟಿಸಿದ ಮೇಲೆ ಫೂಟರ ಮಾತು ನಿಂತಿತು.

ಎಲ್ಲದರಲ್ಲಿಯೂ ಅವರು ಸರಿಯೆಂದಲ್ಲ. ಹಳೆಯ ಶಿಲಾಯುಗಕ್ಕೂ ಹೊಸ ಶಿಲಾಯುಗಕ್ಕೂ ನಡುವೆ ದೀರ್ಘವಾದ ಬರಿದುಕಾಲವಿತ್ತೆಂದು ಅವರು ತಿಳಿದಿದ್ದರು. ಆ ತೆರಪನ್ನು ಮುಂದಿನ ಸಂಶೋಧಕರು ಮುಚ್ಚಿದರು. ಇನ್ನೊಂದು ಮಾತನ್ನೂ ಹೇಳಬೇಕು. ಮೂಟೆ ಹೊತ್ತವರು, ದಾರಿ ತೋರಿದವರು, ನನ್ನ ಹೊಲದಲ್ಲಿ ಇಂಥದ್ದಿದೆ ಬನ್ನಿ ಎಂದು ಕರೆದವರು ಎಷ್ಟೋ ಮಂದಿ ಇದ್ದಿರಬೇಕು. ಅವರು ನಮ್ಮ ಅಜ್ಜ ಮುತ್ತಜ್ಜಂದಿರಂತಹ ಜನ. ಚರಿತ್ರೆಯಲ್ಲಿ ಕಲ್ಲಿಗೆ ದೊರೆತ ಜಾಗ ಅವರ ಹೆಸರಿಗೆ ದೊರೆಯಲಿಲ್ಲ.

ಕಸಬಿನಲ್ಲಿಯೂ ಫೂಟರು ಹಿಂದುಳಿದವರಲ್ಲ. ಚಿನ್ನವಿರುವ ನಮ್ಮ ಕಡೆಯ ಶಿಲಾಶ್ರೇಣಿಗೆ ಧಾರವಾಡ ಶ್ರೇಣಿ ಎಂಬ ಹೆಸರಿಟ್ಟವರು ಅವರೇ. 1887ರಲ್ಲಿ ಮೈಸೂರು ಸೀಮೆಯ ಚಿನ್ನದ ನೆಲಗಳನ್ನು ಸುತ್ತಿದರು. 1891ರಲ್ಲಿ ನಿವೃತ್ತರಾದ ಮೇಲೆ ಬರೋಡ ಸಂಸ್ಥಾನಕ್ಕೆ ದುಡಿದರು. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನವನ್ನು ಕುರಿತ ಅವರ ದೊಡ್ಡ ಗ್ರಂಥ ಹೊರಬಂದುದು 1895ರಲ್ಲಿ.

ನಾನೂರಕ್ಕೂ ಹೆಚ್ಚು ನೆಲೆಗಳಿಂದ ಕೂಡಿಸಿದ ಸಂಗ್ರಹವನ್ನು 1904ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯ ಕೊಂಡುಕೊಂಡಿತು. ಬೇರೊಬ್ಬರಾಗಿದ್ದರೆ ಅಲ್ಲಿಗೆ ಕೈತೊಳೆದುಕೊಳ್ಳುತ್ತಿದ್ದರು. ಎಪ್ಪತ್ತರ ಅಂಚಿನ ಮುದುಕರು ಒಂದೊಂದು ಕಲ್ಲಿಗೂ ಅದು ಸಿಕ್ಕಿದ ಊರು, ಜಿಲ್ಲೆ, ಕಲ್ಲಿನ ಜಾತಿ ಬರೆದು ಪಟ್ಟಿ ಮಾಡತೊಡಗಿದರು. ಊರ ಹೆಸರಿಲ್ಲದ ಕಲ್ಲುಕತ್ತಿ ಬೀರುವಿನಲ್ಲಿ ಎಷ್ಟು ಚೆನ್ನಾಗಿ ಕಂಡರೂ ಮೂಕವಸ್ತು. ಚಿತ್ರವನ್ನು ಕೂಡ ಬೇಕಾದಂತೆ ತೆಗೆಯುವಂತಿಲ್ಲ. ಎಡಮೇಲಿನಿಂದ ಓರೆಯಾಗಿ ಬೆಳಕು ಬಿದ್ದರೆ ಒಂದೊಂದು ಚಕ್ಕೆ ಎದ್ದ ಗುರುತೂ ನೆರಳಿನಲ್ಲಿ ಮೂಡುತ್ತದೆ. ಎದುರಿಗೆ ಬೆಳಕು ಬಿದ್ದರೆ ಕತ್ತಿ ಹೋಗಿ ಉರುಟುಗಲ್ಲಾಗುತ್ತದೆ. ಪಟ್ಟಿ 1914ರಲ್ಲಿಯೂ, ಚಿತ್ರಪುಟಗಳೊಡನೆ ವಿವರಣೆಯ ಸಂಪುಟ 1916ರಲ್ಲಿಯೂ ಅಚ್ಚಾದವು. ಎರಡನ್ನೂ ನೋಡಲು ಅವರಿರಲಿಲ್ಲ. 1912ನೆಯ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ತೀರಿಕೊಂಡರು. ಅವರ ಸ್ಮಾರಕ ಏರ್ಕಾಡಿನ ಇಗರ್ಜಿಯಲ್ಲಿದೆ.

ಕಪ್ಪಗಲ್ಲು, ಸಂಗನಕಲ್ಲುಗಳ ಗುಡ್ಡಗಳನ್ನು ಇತ್ತೀಚಿನ ದಶಕಗಳಲ್ಲಿ ಕಲ್ಲುಗಣಿಯವರು ಒಂದೆಡೆಯಿಂದ ತಿಂದಿದ್ದಾರೆ. ಜಲ್ಲಿಯಾಗಿ ಹೋದ ಬಂಡೆಯ ಜೊತೆಗೆ ಉಜ್ಜಿದ ಗುಣಿಗಳೂ ಹೋದವು, ಅವುಗಳಿಗೆ ಪಟ್ಟಿಯಿಲ್ಲ. ನಮ್ಮ ಮನೆಯಲ್ಲಿ ಅವ್ವ ಅರಿಶಿನ ಅರೆಯಲು ಇಟ್ಟುಕೊಂಡಿರುವ, ಹೊಲದಲ್ಲಿ ಸಿಕ್ಕ ಒಂದು ಕರಿಕಲ್ಲಿದೆ. ಒಂದು ಕಡೆ ಚೂಪು, ಇನ್ನೊಂದು ಕಡೆ ಬಾಯಿ ಮೊಂಡಾಗಿದೆ. ಕಳೆದ ಬೇಸಿಗೆಯ ರಜೆಯಲ್ಲಿ ಅದರ ಮೇಲೆ ಹೊಲದ ಹೆಸರು ಬರೆದ ಚೀಟಿ ಅಂಟಿಸಿದೆ. ಅರಿಶಿನ ಹತ್ತಿ ಎರಡೇ ದಿನಕ್ಕೆ ಚೀಟಿ ಬಿದ್ದುಹೋಯಿತು. ಈಗ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ.